ಅವಳು ಚಪ್ಪಲಿ ಯಾಕೆ ಬಿಟ್ಟಳು

ಕಿಯಿಂಗಿಯ ಮುಖ ನೋಡುವ ಮೊದಲೇ ನಾನು ಅವನ ದನಿಯೊಂದಿಗೆ ಜಗಳವಾಡಿದ್ದೆ.

ನ್ಯೆಂಡೊ ಪೇಟೆಯಲ್ಲಿ ನನ್ನ ಒಲೆ ಇದ್ದದ್ದು ವಿಡಿಯೊ ಹಾಲ್‌ನ ತಗಡಿನ ಗೋಡೆಗೆ ಆತುಕೊಂಡು. ಗೋಡೆಯ ಆಚೆ ಕತ್ತಲು, ಬೆಂಚು, ಬೆವರು, ಸಿನಿಮಾ. ಈಚೆ ನಾನು, ಕಾವಲಿ, ಮೊಟ್ಟೆ ಸುತ್ತಿದ ಚಪಾತಿ. ಯಾವ ದೇಶದ ಸಿನಿಮಾ ಬಂದರೂ ಮೈಕ್ ಹಿಡಿದು ಅದನ್ನು ನಮ್ಮ ಲುಗಾಂಡ ಮಾತಿಗೆ ತಿರುಗಿಸಿ ಕಥೆ ಹೇಳುತ್ತಿದ್ದವನು ವಿಜೆ ಕಿಯಿಂಗಿ. ಹಾಲ್‌ನ ಬಾಗಿಲು ಆ ಕಡೆಯ ರಸ್ತೆಗಿತ್ತು. ಅವನು ಅಲ್ಲಿಂದಲೇ ಬರುತ್ತಿದ್ದ, ಅಲ್ಲಿಂದಲೇ ಹೋಗುತ್ತಿದ್ದ. ನನ್ನ ಪಾಲಿಗೆ ಅವನೊಂದು ದನಿ, ಅಷ್ಟೇ. ಬೆಳಿಗ್ಗೆ ಸೊಂಟ ನೋವು ಶುರುವಾಗುವ ಹೊತ್ತಿಗೆ ಶುರುವಾಗುತ್ತಿತ್ತು, ಸಂಜೆ ಕಾಲು ಮರಗಟ್ಟುವವರೆಗೂ ಇರುತ್ತಿತ್ತು.

ಸಿನಿಮಾ ನೋಡಲು ನನಗೆ ಪುರುಸೊತ್ತಿರಲಿಲ್ಲ. ಕೇಳುತ್ತಿದ್ದೆ. ಹಿಟ್ಟು ನಾದುತ್ತಾ, ಈರುಳ್ಳಿ ಹೆಚ್ಚುತ್ತಾ, ಎಷ್ಟೋ ಮದುವೆ, ಎಷ್ಟೋ ಕೊಲೆ ಕೇಳಿದ್ದೇನೆ.

ಜಗಳವಾದ ದಿನದ ಸಿನಿಮಾದಲ್ಲಿ ಮದುವೆಯ ಹೆಣ್ಣೊಬ್ಬಳು ತವರಿನಿಂದ ಹೊರಡುವಾಗ ಒಂದು ಕಾಲಿನ ಚಪ್ಪಲಿಯನ್ನು ಹೊಸ್ತಿಲಲ್ಲೇ ಬಿಟ್ಟು ಕಾರು ಹತ್ತಿದಳಂತೆ. ಯಾಕೆಂದು ಸಿನಿಮಾದವರು ಕೊನೆಯವರೆಗೂ ಹೇಳಲಿಲ್ಲ. ಹಾಲ್‌ನಲ್ಲಿ ಗದ್ದಲ ಎದ್ದಿತು. "ಚಪ್ಪಲಿ ಯಾಕೆ ಬಿಟ್ಲು? ವಿಜೆ, ಹೇಳು!"

"ಕಚ್ತಾ ಇತ್ತು ಕಣ್ರೋ," ಅಂದ ಕಿಯಿಂಗಿ. "ಹೊಸ ಚಪ್ಪಲಿ ಅಲ್ವಾ?"

ಎಲ್ಲರೂ ನಕ್ಕರು. ನನಗೆ ಏನಾಯಿತೋ. ಕಾವಲಿಯ ಮೇಲಿದ್ದ ಚಪಾತಿಯನ್ನು ಪಕ್ಕದಲ್ಲಿ ಕೂತಿದ್ದ ನನ್ನ ಅತ್ತೆಯ ಕಡೆ ತಳ್ಳಿ, ಕೈಯಲ್ಲಿದ್ದ ಸಟ್ಟುಗದ ಸಮೇತ ಸುತ್ತು ಹಾಕಿಕೊಂಡು ಹೋಗಿ ಹಾಲ್‌ನ ಬಾಗಿಲ ಪರದೆ ಸರಿಸಿ ನಿಂತೆ.

"ಕಚ್ಚಿದ್ರೆ ಎರಡೂ ಬಿಡ್ತಿದ್ಲು!" ಅಂದೆ. "ಒಂದೇ ಬಿಟ್ಟು ಹೋದ್ಲು ಅಂದ್ರೆ ಯಾರಾದ್ರೂ ಅದನ್ನ ಎತ್ಕೊಂಡು ಹಿಂದೆ ಓಡಿ ಬರ್ಲಿ ಅಂತ. 'ಏ ನಿಲ್ಲು' ಅಂತ ಒಬ್ರಾದ್ರೂ ಕೂಗ್ಲಿ ಅಂತ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

ಮೂಲೆಯಲ್ಲಿ ಮೈಕ್ ಹಿಡಿದಿದ್ದ ಮನುಷ್ಯ ತಿರುಗಿ ನೋಡಿದ. ದನಿಯಷ್ಟು ದೊಡ್ಡವನಲ್ಲ. ಸಣಕಲು ಮೈ, ನರೆತ ಗಡ್ಡ, ಕೊರಳಿಗೆ ಟವೆಲ್, ಪಕ್ಕದಲ್ಲಿ ಶುಂಠಿ ನೀರಿನ ಫ್ಲಾಸ್ಕ್. ಕಣ್ಣಲ್ಲಿ ಮಾತ್ರ ವರ್ಷಗಟ್ಟಲೆ ನಿದ್ದೆಗೆಟ್ಟ ದಣಿವು. ಆ ದಣಿವು ನನಗೆ ಗುರುತು ಹತ್ತಿತು. ದಿನಾ ಕನ್ನಡಿಯಲ್ಲಿ ನೋಡುತ್ತಿದ್ದದ್ದೇ.

ಅವನು ಮೈಕ್ ಬಾಯಿಗೆ ತಂದುಕೊಂಡು ಮೆಲ್ಲಗೆ ಹೇಳಿದ, "ಕೇಳಿದ್ರಲ್ಲ? ಕಚ್ತಾ ಇರ್ಲಿಲ್ವಂತೆ."

*

ಮಾರನೆಯ ದಿನದಿಂದ ಅವನ ಕಥೆ ಹೇಳುವ ರೀತಿಯೇ ಬದಲಾಯಿತು.

"ಈಗ ಮಳೆ ಬರ್ತಾ ಇದೆ. ಸಣ್ಣ ಮಳೆ. ಹುಡುಗಿ ಹಸಿರು ಲಂಗ ಹಾಕಿದಾಳೆ, ಅಂಚು ಒದ್ದೆಯಾಗಿದೆ. ಹುಡುಗ ಛತ್ರಿ ಹಿಡಿದಿದಾನೆ, ಆದ್ರೆ ಬಿಚ್ಚಿಲ್ಲ..."

"ಏ ವಿಜೆ!" ಯಾರೋ ಕೂಗಿದರು. "ನಮಗೇನು ಕಣ್ಣಿಲ್ವಾ? ಯಾರಿಗೆ ಹೇಳ್ತಿದೀಯಾ ಇದನ್ನೆಲ್ಲಾ?"

"ಕಣ್ಣಿಲ್ಲದೋರಿಗಲ್ಲಪ್ಪಾ. ಪುರುಸೊತ್ತಿಲ್ಲದೋರಿಗೆ ಹೇಳ್ತಿದೀನಿ."

ತಗಡಿನ ಈಚೆ ನನ್ನ ಕೈ ನಿಂತಿತು. ಚಪಾತಿ ಕರಕಲಾಯಿತು. ಪಕ್ಕದಲ್ಲಿ ಹುರುಳಿಕಾಳು ಆರಿಸುತ್ತಿದ್ದ ಅತ್ತೆ ಮೂಗು ಅರಳಿಸಿ ನನ್ನ ಮುಖ ನೋಡಿದಳು.

ಮಧ್ಯಾಹ್ನದ ಆಟ ಮುಗಿದ ಮೇಲೆ ಅವನು ಸುತ್ತು ಬಳಸಿ ನನ್ನ ಒಲೆಯ ಹತ್ತಿರ ಬರತೊಡಗಿದ. ಅವನ ಹಿಂದೆಯೇ ಸಿನಿಮಾ ನೋಡಿದವರ ಗುಂಪೂ ಬರುತ್ತಿತ್ತು. ಸಿನಿಮಾ ಮುಗಿದರೂ ಅವರಿಗೆ ಮುಗಿಯುತ್ತಿರಲಿಲ್ಲ. ಪೊಲೀಸನು ಟೋಪಿ ಹಾಕಿಕೊಂಡು ಒಳಗೆ ಹೋದನಲ್ಲ, ಹೊರಗೆ ಬರುವಾಗ ಟೋಪಿ ಎಲ್ಲಿ? ಮುದುಕ ಸಾಯುವ ಮುಂಚೆ ಗಡಿಯಾರ ನಿಲ್ಲಿಸಿದ್ದು ಯಾಕೆ? ಆ ನಾಯಿ ಯಾರದ್ದು? ಒಬ್ಬೊಬ್ಬರದು ಒಂದೊಂದು ಉತ್ತರ. ಮೋಟಾರ್ ಸೈಕಲ್ ಬಾಡಿಗೆ ಹೊಡೆಯುವ ಲುಬೊವನಂತೂ ಟೋಪಿಯ ಹಿಂದೆ ಒಂದು ಇಡೀ ಕಳ್ಳಸಾಗಣೆಯನ್ನೇ ಕಂಡಿದ್ದ.

"ನೀವೇನಂತೀರಿ ನಲ್ವೊಗ ಅವರೇ?" ಕಿಯಿಂಗಿ ಕೇಳುತ್ತಿದ್ದ. ಟವೆಲ್ಲಿನ ತುದಿಯಿಂದ ಬಾಯಿ ಒರೆಸಿಕೊಳ್ಳುತ್ತಾ, ಕಣ್ಣನ್ನು ಅರ್ಧ ಮಾತ್ರ ಎತ್ತಿ.

"ಟೋಪಿ ಮರೆತು ಬಂದ. ಗಂಡಸರಿಗೆ ಮರೆಯೋದು ಬಿಟ್ಟು ಇನ್ನೇನು ಬರುತ್ತೆ?"

"ನಾನೇನು ಮರೀತೀನಿ?"

"ಇದೇ ಸಿನಿಮಾದ ಹುಡುಗಿಗೆ ಮೊನ್ನೆ ತಾಯಿ ಇಲ್ಲ ಅಂದ್ರಿ. ಇವತ್ತು ತಾಯಿ ಬಂದು ಅತ್ತಳು."

"ಅದು ಚಿಕ್ಕಮ್ಮ."

"ಈಗ ಮಾಡಿದ ಚಿಕ್ಕಮ್ಮ."

"ಬಿಸಿಬಿಸಿ," ಅಂದು ಅವನು ಚಪಾತಿ ಕಚ್ಚಿದ. ನಗು ತಡೆದುಕೊಂಡಾಗ ಅವನ ಗಡ್ಡ ಒಂದು ಕಡೆಗೆ ಮಾತ್ರ ಅಲುಗುತ್ತಿತ್ತು. ಅದನ್ನು ನೋಡಬಾರದೆಂದು ನಾನು ಒಲೆಗೆ ಇದ್ದಿಲು ಹಾಕಿದೆ. ಬೇಕಾದ್ದಕ್ಕಿಂತ ಹೆಚ್ಚೇ ಹಾಕಿದೆ.

ಅವನೂ ನನ್ನಂತೆ ಒಂಟಿ. ಹೆಂಡತಿ ಜ್ವರದಲ್ಲಿ ತೀರಿಹೋಗಿ ಬಹಳ ಕಾಲವಾಗಿತ್ತು. "ದಿನವಿಡೀ ನೂರು ಜನರ ಮಾತು ನನ್ನ ಬಾಯಲ್ಲಿ," ಅಂದಿದ್ದ ಒಮ್ಮೆ. "ಮನೆಗೆ ಹೋದ್ರೆ ನನ್ನ ಮಾತು ಅಂತ ಒಂದೂ ಇರಲ್ಲ."

*

ನನ್ನ ಗಂಡ ಮುಬಿರು ಲಾರಿ ಓಡಿಸುತ್ತಿದ್ದ. ವರ್ಷಗಳ ಹಿಂದೆ ಗಡಿಯಾಚೆಯ ಜೂಬಾಕ್ಕೆ ಬಾಳೆಕಾಯಿ ತುಂಬಿಕೊಂಡು ಹೊರಟವನು ತಿರುಗಿ ಬರಲಿಲ್ಲ. ಹೆಣ ಸಿಗಲಿಲ್ಲ, ಲಾರಿ ಸಿಗಲಿಲ್ಲ, ಸುದ್ದಿಯೂ ಬರಲಿಲ್ಲ. ಗಡಿಯಲ್ಲಿ ಗುಂಡು ಬಿತ್ತು ಅಂದರು ಕೆಲವರು. ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ ಅಂದರು ಕೆಲವರು. ಚರ್ಚಿನ ಪಾದ್ರಿ ಸತ್ತವನೆಂದು ಪ್ರಾರ್ಥಿಸಿದರು. ಅತ್ತೆ ಬದುಕಿದ್ದಾನೆಂದು ಅವನ ತಟ್ಟೆ ತೊಳೆದಿಟ್ಟಳು. ನಾನು ಎರಡನ್ನೂ ನಂಬಿದೆ. ಬೆಳಿಗ್ಗೆ ಒಂದು, ಸಂಜೆ ಒಂದು. ಹಾಗೆ ನಂಬಿ ನಂಬಿಯೇ ದಣಿದುಹೋದೆ.

ಒಂದು ಮಧ್ಯಾಹ್ನ ಗುಂಪು ಎಂದಿನಂತೆ ವಾದಕ್ಕಿಳಿದಿತ್ತು. ಆ ದಿನದ ಸಿನಿಮಾದಲ್ಲಿ ನಾಯಕನ ಅಣ್ಣ ಬೆಂಕಿಪೊಟ್ಟಣ ತರುತ್ತೇನೆಂದು ಹೊರಗೆ ಹೋದವನು ಮತ್ತೆ ಕಥೆಗೇ ಬರಲಿಲ್ಲವಂತೆ.

"ಏನಾದ ಅವನು?"

"ಏನಾಗ್ತಾನೆ," ಅಂದ ಲುಬೊವ, ನಗುತ್ತಾ. "ನಮ್ಮ ಮುಬಿರು ಥರ. ಬಾಗಿಲು ದಾಟಿದ, ಸೀನ್ ಕಟ್!"

ಒಂದಿಬ್ಬರು ನಕ್ಕರು. ಆಮೇಲೆ ಎಲ್ಲರಿಗೂ ಒಲೆಯ ಹಿಂದೆ ಯಾರಿದ್ದಾರೆಂದು ನೆನಪಾಯಿತು. ಲುಬೊವ "ಅಕ್ಕಾ, ಬಾಯ್ತಪ್ಪಿ ಬಂತು" ಅಂದ. ಅತ್ತೆ ಮೊರವನ್ನು ಎತ್ತಿಕೊಂಡು ಮನೆಯ ಕಡೆ ನಡೆದಳು. ನಾನು ಚಪಾತಿ ತಿರುವಿ ಹಾಕಿದೆ. ಬೇಯಿಸಿದೆ. ಮಡಿಸಿ ಕೊಟ್ಟೆ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಕಿಯಿಂಗಿ ಉಳಿದ.

"ನೀವು ಎಲ್ಲಕ್ಕೂ ಉತ್ತರ ಹೇಳ್ತೀರಲ್ಲ," ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ಟೋಪಿಗೆ ಹೇಳಿದ್ರಿ, ನಾಯಿಗೆ ಹೇಳಿದ್ರಿ. ಇದಕ್ಕೂ ಹೇಳಿ. ಅವನು ಯಾಕೆ ಬರ್ಲಿಲ್ಲ?"

ಯಾವ ಉತ್ತರ ಕಟ್ಟಿಕೊಡುತ್ತಾನೋ ಅಂದುಕೊಂಡೆ. ಕಟ್ಟುವುದು ಅವನಿಗೆ ಎಷ್ಟು ಸುಲಭ. ನಿಮ್ಮ ಮೇಲೆ ಪ್ರೀತಿ ಇತ್ತು, ವಿಧಿ ಬಿಡಲಿಲ್ಲ ಅನ್ನಬಹುದಿತ್ತು. ಅವನೊಬ್ಬ ಅಯೋಗ್ಯ, ಮರೆತುಬಿಡಿ ಅನ್ನಬಹುದಿತ್ತು.

"ನನಗೆ ಗೊತ್ತಿಲ್ಲ," ಅಂದ.

ನಾನು ತಲೆ ಎತ್ತಿದೆ.

"ಸಿನಿಮಾದಲ್ಲಿ ಸುಳ್ಳು ಹೇಳಿದ್ರೆ ಜನ ನಕ್ಕು ಮನೆಗೆ ಹೋಗ್ತಾರೆ. ಇಲ್ಲಿ ಹೇಳಿದ್ರೆ ನೀವು ಅದನ್ನ ಹೊತ್ಕೊಂಡು ತಿರುಗ್ತೀರಿ. ಈಗಾಗ್ಲೇ ಎಷ್ಟೊಂದು ಹೊತ್ತಿದೀರಿ."

ಇಷ್ಟು ವರ್ಷಗಳಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಗೊತ್ತಿಲ್ಲ ಅನ್ನುವ ಮಾತು. ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಈಗ ಗೊತ್ತಿಲ್ಲದವರು ಇಬ್ಬರಾದೆವು. ಹೊಗೆಗೆ ಕಣ್ಣು ತುಂಬಿತೆಂದು ಉಟ್ಟ ಬಟ್ಟೆಯ ಅಂಚಿನಲ್ಲಿ ಒರೆಸಿಕೊಂಡೆ. ಹೊಗೆ ಆ ಕಡೆಗೆ ಹೋಗುತ್ತಿತ್ತು. ಅದನ್ನು ಅವನೂ ನೋಡಿದ. ನೋಡದವನಂತೆ ಫ್ಲಾಸ್ಕಿನ ಮುಚ್ಚಳ ತಿರುವಿದ.

*

ಹಾಲ್ ಮುಚ್ಚುವ ಸುದ್ದಿ ಬಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಎಲ್ಲರ ಕೈಯಲ್ಲೂ ಫೋನು. ಬೆಂಚುಗಳು ಅರ್ಧ ಖಾಲಿ. ಜಾಗವನ್ನು ಸಿಮೆಂಟಿನ ಗೋದಾಮಿಗೆ ಕೊಟ್ಟಾಗಿತ್ತು. ಅಷ್ಟರಲ್ಲಿ ಕಿಯಿಂಗಿಯ ಗಂಟಲೂ ಕೈಕೊಟ್ಟಿತ್ತು. ಮಾತು ನಿಲ್ಲಿಸದಿದ್ದರೆ ದನಿ ಪೂರ್ತಿ ಹೋಗುತ್ತದೆ ಅಂದಿದ್ದರು ಡಾಕ್ಟರು.

"ಕಂಪಾಲಾದಲ್ಲಿ ಅಣ್ಣ ಇದಾನೆ," ಅಂದ, ಒಡಕು ದನಿಯಲ್ಲಿ. "ಬಾ ಅಂತಾನೆ."

"ಹೋಗಿ ಮತ್ತೆ."

"ಹೋಗ್ಲಾ?"

"ನನ್ನನ್ನ ಯಾಕೆ ಕೇಳ್ತೀರಿ?"

ಚಪಾತಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಅವನು ಪೂರ್ತಿ ತಿಂದ.

ಕೊನೆಯ ಆಟ ಭಾನುವಾರ ಮಧ್ಯಾಹ್ನ. ಅತ್ತೆ ಸಟ್ಟುಗವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಹೋಗು. ಗೋಡೆಗೆ ಕಿವಿ ಇಟ್ಟು ಎಷ್ಟು ದಿನ ಇರ್ತೀಯಾ?"

ಮೊದಲ ಸಲ ಬೆಂಚಿನ ಮೇಲೆ ಕೂತೆ, ಅವನ ಮೇಜಿನ ಪಕ್ಕದಲ್ಲೇ. ಅದು ಹಳೆಯ ಕಳ್ಳರ ಸಿನಿಮಾ. ನಾನು ಹಲವು ಸಲ ಕೇಳಿದ್ದೆ, ಪ್ರತಿ ಮಾತೂ ಬಾಯಿಪಾಠ. ಆದರೆ ಪರದೆಯ ಮೇಲೆ ಬಂದವರು ಯಾರೋ ಬೇರೆ. ನನ್ನ ತಲೆಯಲ್ಲಿದ್ದ ದಢೂತಿ ಖಳನಾಯಕ ಇಲ್ಲಿ ಕಡ್ಡಿಯಂತಿದ್ದ. ನಾಯಕಿಗೆ ನಾನು ಕೊಟ್ಟಿದ್ದ ಉದ್ದ ಜಡೆ ಇರಲೇ ಇಲ್ಲ.

ಅರ್ಧದಲ್ಲಿ ಕಿಯಿಂಗಿಯ ದನಿ ನಿಂತಿತು. ಬಾಯಿ ತೆರೆದ, ಗಾಳಿ ಮಾತ್ರ ಬಂತು. ಜನ ಬೆಂಚು ಕುಟ್ಟಿದರು. ಅವನು ನೀರು ಕುಡಿದ, ಮತ್ತೆ ಪ್ರಯತ್ನಿಸಿದ, ತಲೆ ತಗ್ಗಿಸಿದ. ನಾನು ಅವನ ಕೈಯಿಂದ ಮೈಕ್ ತೆಗೆದುಕೊಂಡೆ.

"ಅವನು ಹೇಳ್ತಿದಾನೆ, 'ಹಣ ಎಲ್ಲಿಟ್ಟಿದೀಯಾ?'" ಅಂದೆ. ನನ್ನ ದನಿ ತಗಡಿಗೆ ಬಡಿದು ದೊಡ್ಡದಾಗಿ ತಿರುಗಿ ಬಂತು. "ಇವಳು, 'ಗೊತ್ತಿಲ್ಲ' ಅಂತಾಳೆ. ಗೊತ್ತಿದೆ ಅವಳಿಗೆ. ಮೂಗು ನೋಡಿ. ಸುಳ್ಳು ಹೇಳೋವಾಗ ಮೂಗು ಅರಳುತ್ತೆ."

"ನಿಜಾನೇ!" ಲುಬೊವ ಕೂಗಿದ. "ಇಷ್ಟು ಸಲ ನೋಡಿದೀನಿ, ಮೂಗು ನೋಡೇ ಇರ್ಲಿಲ್ಲ!"

"ಅಕ್ಕಾ, ಆ ಬಾಗಿಲಲ್ಲಿ ನಿಂತ ಮುದುಕಿ ಯಾರು? ಯಾವತ್ತೂ ಹೇಳಿಲ್ಲ ಅದನ್ನ!"

ನಾನು ಕಿಯಿಂಗಿಯ ಕಡೆ ನೋಡಿದೆ. ಅವನು ಭುಜ ಹಾರಿಸಿದ, ಕಣ್ಣಲ್ಲೇ ನಕ್ಕ. ಆ ನಗುವಿನಲ್ಲಿ ದಣಿವು ಹಾಗೇ ಇತ್ತು, ಆದರೆ ಅದು ಈಗ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಿರುವ ದಣಿವು.

"ನನಗೂ ಗೊತ್ತಿಲ್ಲ ಕಣಪ್ಪಾ," ಅಂದೆ ಮೈಕಿನಲ್ಲಿ. "ಇರ್ಲಿ ಬಿಡು ಪಾಪ, ನಿಂತ್ಕೊಳ್ಳಲಿ."

ಹಾಲ್ ಇಡೀ ನಕ್ಕಿತು. ಮೇಜಿನ ಕೆಳಗೆ ಅವನ ಬೆರಳು ನನ್ನ ಹಿಟ್ಟು ಅಂಟಿದ ಬೆರಳನ್ನು ಮುಟ್ಟಿತು. ಹಿಡಿಯಲಿಲ್ಲ. ಸುಮ್ಮನೆ ಪಕ್ಕದಲ್ಲೇ ಉಳಿಯಿತು. ಸಿನಿಮಾ ಮುಗಿಯುವವರೆಗೂ ನಾನು ಆ ಕೈಯನ್ನು ಅಲುಗಿಸಲಿಲ್ಲ.

*

ಮರುದಿನ ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸಕ್ಕರೆಯ ಪೊಟ್ಟಣ, ಬಟ್ಟೆ ಸೋಪಿನ ಉದ್ದ ಗಟ್ಟಿ. ನಮ್ಮಲ್ಲಿ ಹಾಗೆ ಕೈ ತುಂಬಿಕೊಂಡು ಗಂಡಸೊಬ್ಬ ಬಂದರೆ ಯಾಕೆ ಬಂದನೆಂದು ಯಾರೂ ಕೇಳಬೇಕಿಲ್ಲ. ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ. ನಾನು ಇನ್ನೊಬ್ಬನಿಗೆ ಹೂಂ ಅಂದರೆ ಅವಳ ಮಗ ಸತ್ತನೆಂದು ಒಪ್ಪಿದಂತೆ. ಆ ಮಾತನ್ನು ಅವಳ ಕಿವಿಗೆ ಹಾಕುವವಳು ನಾನಾಗಲಾರೆ.

ಅತ್ತೆ ಚಾಪೆಯ ಮೇಲೆ ಕೂತೇ ಇದ್ದಳು. ಅವನು ಅವಳೆದುರು ಕೂತ.

"ಗಂಟಲು ಕೆಟ್ಟಿದೆಯಂತೆ?"

ತಲೆಯಾಡಿಸಿದ.

"ಹೊಟ್ಟೆಗೇನು ಮಾಡ್ತೀಯಾ?"

"ಫೋನಿಗೆ ಸಿನಿಮಾ ತುಂಬ್ಕೊಡೋ ಅಂಗಡಿ ಇಡ್ತೀನಮ್ಮಾ," ಪಿಸುಮಾತಿನಲ್ಲಿ ಅಂದ. "ಇಲ್ಲೇ. ಇವರ ಒಲೆ ಎದುರಿಗೆ. ಅಲ್ಲಿ ಮಾತಾಡೋ ಕೆಲಸ ಇರಲ್ಲ."

"ಕಂಪಾಲಾ?"

"ಅಣ್ಣನಿಗೆ ಬರಲ್ಲ ಅಂತ ಹೇಳ್ದೆ."

ಅತ್ತೆ ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡಳು. "ಒಂದೇ ಮಾತು ಕೇಳ್ತೀನಿ. ಎಂದಾದ್ರೂ ಹೋಗೋ ಹಾಗಿದ್ರೆ, ಇವಳಿಗೆ ಹೇಳಿ ಹೋಗ್ತೀಯಾ?"

"ಹೇಳ್ದೇ ಸಂತೆಗೂ ಹೋಗಲ್ಲಮ್ಮಾ."

ನಾನು ಅತ್ತೆಯ ಮುಂದೆ ಮಂಡಿಯೂರಿದೆ. "ಅತ್ತೇ, ಅವರು ಅಕಸ್ಮಾತ್ ಬಂದ್ರೆ..."

"ಬಂದ್ರೆ ನಾನಿದೀನಲ್ಲ," ಅಂದಳು ಅತ್ತೆ. ಅವಳ ದನಿ ಅಲುಗಲಿಲ್ಲ, ಗಲ್ಲ ಮಾತ್ರ ಅಲುಗಿತು. "ಉತ್ತರ ನಾನು ಕೊಡ್ತೀನಿ. ಅದಕ್ಕಿಂತ ಮುಂಚೆ ಅವನೇ ಎಷ್ಟೋ ಉತ್ತರ ಕೊಡ್ಬೇಕು ನನಗೆ. ನೀನು ಕಾದಿದ್ದು ಸಾಕು ಮಗಳೇ. ಕಾಯೋದು ತಾಯಿ ಕೆಲಸ, ಅದನ್ನ ನನಗೆ ಬಿಡು."

ಅವಳ ಮಡಿಲಲ್ಲಿ ತಲೆ ಇಟ್ಟು ಅತ್ತುಬಿಟ್ಟೆ. ಬೆಂದ ಬಾಳೆಕಾಯಿಯ ವಾಸನೆ ಇತ್ತು ಆ ಮಡಿಲಿಗೆ. ಅವಳು ನನ್ನ ಬೆನ್ನು ಸವರಿ, ಆಮೇಲೆ ಎಂದಿನ ಗಡಸು ದನಿಯಲ್ಲಿ, "ಊಟ ಆರ್ತಾ ಇದೆ. ಏಳು," ಅಂದಳು.

ನಾನು ಏಳುವ ಮೊದಲೇ ಕಿಯಿಂಗಿ ಎದ್ದಿದ್ದ. ಬಾಳೆಎಲೆ ಬಿಡಿಸಿ, ಬೆಂದ ಬಾಳೆಕಾಯಿಯನ್ನು ತಟ್ಟೆಗೆ ಹಾಕಿ, ಮೇಲೆ ಕಡಲೆಕಾಯಿ ಸಾರು ಸುರಿದ. ಅರ್ಧ ಹೊರಗೆ ಚೆಲ್ಲಿತು.

"ಗಂಡಸು ಬಡಿಸೋದಾ?" ಅತ್ತೆ ಗೊಣಗಿದಳು. "ನೋಡಿದೋರು ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಳಲಿ," ಪಿಸುಗುಟ್ಟಿದ ಅವನು. ತಟ್ಟೆಯನ್ನು ನನ್ನ ಮುಂದಿಟ್ಟು, ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದ. "ನೀನು ಕೂತ್ಕೋ."

ಕೂತೆ. ಎಷ್ಟು ದಣಿದಿದ್ದೆನೆಂದು ಕೂತ ಮೇಲೆಯೇ ನನಗೆ ಗೊತ್ತಾದದ್ದು.