ಲೌಟೋಕಾದ ಹದಿನಾಲ್ಕು ಹೊಲಿಗೆ ಯಂತ್ರಗಳು

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 9.20. ಫಿಜಿಯ ಲೌಟೋಕಾ ಠಾಣೆಗೆ ದೂರು ಬಂತು: ಮೂರು ವಾರದ ಹಿಂದೆ ಮುಚ್ಚಿದ ಸಿದ್ಧ ಉಡುಪಿನ ಕಾರ್ಖಾನೆಯಿಂದ ಹದಿನಾಲ್ಕು ಹೊಲಿಗೆ ಯಂತ್ರಗಳು ಕಳುವಾಗಿವೆ. ದೂರುದಾರರು ಮಾಲೀಕ ಹಾಲ್ಡನ್, ಆಕ್ಲೆಂಡಿನವರು. ಶುಕ್ರವಾರ ಆ ಯಂತ್ರಗಳು ಹಡಗು ಹತ್ತಬೇಕಿತ್ತು. ಇನ್‌ಸ್ಪೆಕ್ಟರ್ ಅಪೋರೋಸ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ರೋಹಿತೇಶನೊಡನೆ ಹೊರಟರು.

10.05ಕ್ಕೆ ಕಾರ್ಖಾನೆಯಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ.

“ಕೀಲಿ ಯಾರ ಹತ್ರ ಇದೆ?”

“ನನ್ನ ಹತ್ರ ಒಂದು.” ಹಾಲ್ಡನ್ ತಡವರಿಸಿದರು. “ಇನ್ನೊಂದು ಹೊಲಿಗೆಯ ಮಕರೇತಾ ಹತ್ರ. ಹತ್ತೊಂಬತ್ತು ವರ್ಷ ದಿನಾ ಬಾಗಿಲು ತೆಗೀತಿದ್ದದ್ದು ಅವಳೇ.”

“ವಾಪಸ್ ಇಸ್ಕೊಳ್ಳಲಿಲ್ವಾ?”

“ನೆನಪಾಗ್ಲಿಲ್ಲ.”

ಬಾಗಿಲು ತೆಗೆದ ಕೈಯನ್ನೇ ಮರೆತವರಿಗೆ ಕೀಲಿ ಎಲ್ಲಿಂದ ನೆನಪಾಗಬೇಕು ಎಂದುಕೊಂಡರು ಅಪೋರೋಸ.

“ಹೊಲೀತಿದ್ದ ಹೆಂಗಸರ ಬಾಕಿ ಸಂಬಳ? ಕೆಲಸ ತೆಗೆದದ್ದಕ್ಕೆ ವರ್ಷಕ್ಕೊಂದು ವಾರದ ಸಂಬಳದ ಲೆಕ್ಕದಲ್ಲಿ ಪರಿಹಾರ?”

“ಲಾಯರ್ ನೋಡ್ತಿದಾರೆ. ಬೀಳ್ಕೊಡುಗೆಗೆ ಹಂದಿ ಸುಡಿಸಿದ್ದೆ. ಎಲ್ಲರೂ ನನಗೆ ಹೂಮಾಲೆ ಹಾಕಿ ಹಾಡಿದ್ರು. ಒಬ್ಬಳೂ ತಕರಾರು ಮಾಡ್ಲಿಲ್ಲ.”

“ನಾವು ಹೋಗೋರಿಗೆಲ್ಲಾ ಹಾಡ್ತೀವಿ ಸ್ವಾಮಿ. ಅದು ರಸೀದಿ ಅಲ್ಲ.”

11.30ಕ್ಕೆ ಬಾಡಿಗೆ ಗಾಡಿಯ ಚಾಲಕ ಸುಬರ್ಮನಿಯ ಹೇಳಿಕೆ: “ಶನಿವಾರ ಹಾಡಹಗಲಲ್ಲೇ ಮೂರು ಟ್ರಿಪ್ ಹೊಡೆದೆ ಸರ್, ಚರ್ಚಿನ ಸಭಾಂಗಣಕ್ಕೆ. ಬಾಡಿಗೆಗೆ ಒಂದು ಮೂಟೆ ಮರಗೆಣಸು ಕೊಟ್ರು. ಮಕರೇತಕ್ಕ ಕದೀತಾರೆ ಅಂತ ಯಾರು ಅಂದ್ಕೋತಾರೆ?”

1.40. ಸಭಾಂಗಣದಲ್ಲಿ ಯಂತ್ರಗಳು ಚಾಪೆ ಹೊದ್ದು ಸಾಲಾಗಿ ನಿಂತಿದ್ದವು. ಮಕರೇತಾ ಒಂದೊಂದಕ್ಕೂ ಎಣ್ಣೆ ಬಿಡುತ್ತಿದ್ದಳು. ಅಪೋರೋಸರ ತಾಯಿ ಅದೇ ಕಾರ್ಖಾನೆಯಲ್ಲಿ ಇವಳ ಪಕ್ಕ ಕೂತು ಕಾಲರ್ ಹೊಲಿದವರು.

“ಬಾ ಮಗ. ಊಟ ಆಯ್ತಾ?”

“ದಸ್ತಗಿರಿ ಮಾಡೋಕೆ ಬಂದಿದೀನಿ ಚಿಕ್ಕಮ್ಮ.”

“ಹಸ್ಕೊಂಡು ಮಾಡ್ತೀಯಾ? ಮೀನಿದೆ, ಕೂತ್ಕೋ. ನಿನ್ನ ಕಾನ್‌ಸ್ಟೆಬಲ್ಲಿಗೆ ಕಮ್ಮಿ ಹಾಕ್ತೀನಿ, ಬೆಲ್ಟು ಕಿತ್ಕೊಳ್ಳೋ ಹಾಗಿದೆ.”

ರೋಹಿತೇಶ ಹೊಟ್ಟೆ ಒಳಗೆಳೆದುಕೊಂಡ.

“ಯಾಕೆ ತಂದ್ರಿ ಇವನ್ನ?”

“ಕಾರ್ಮಿಕ ಇಲಾಖೆ ವಿಚಾರಣೆ ಸೋಮವಾರ. ಹಡಗು ಶುಕ್ರವಾರ. ಅವನೂ ಹೋಗಿ ಇವೂ ಹೋದ್ಮೇಲೆ ನಮ್ಮ ದುಡ್ಡಿಗೆ ಏನನ್ನ ಹಿಡ್ಕೊಂಡು ಕೇಳೋದು?”

ಊಟ ಮುಗಿಸಿ, ಕೈ ತೊಳೆದು, 2.30ಕ್ಕೆ ದಸ್ತಗಿರಿ ಮಾಡಿದರು. ಜೀಪಿನ ಮುಂದಿನ ಸೀಟು ಅವಳಿಗೆ.

ನಾಲ್ಕಕ್ಕೆ ಹಾಲ್ಡನ್ ಠಾಣೆಗೆ ಬಂದರು. “ಯಂತ್ರ ಸಿಕ್ತಲ್ಲ, ಕೊಡಿ.”

“ಅವೀಗ ಮುದ್ದೆಮಾಲು. ಕೋರ್ಟು ಹೇಳೋವರೆಗೂ ದೇಶ ಬಿಡೋ ಹಾಗಿಲ್ಲ.”

“ಶುಕ್ರವಾರದ ಹಡಗು?”

“ಹೋಗುತ್ತೆ. ಅದರ ಮೇಲೆ ದೂರಿಲ್ಲವಲ್ಲ.”

ಸಂಜೆ 5.10ಕ್ಕೆ ಹೇಳಿಕೆಯ ಕೊನೆಯ ಪ್ರಶ್ನೆ.

“ಬೇರೆ ಯಾರೂ ಮಾಡಲಿಲ್ಲ. ನೀವೇ ಯಾಕೆ ಚಿಕ್ಕಮ್ಮ?”

“ಕಾರ್ಖಾನೆ ಮುಚ್ಚಿದ ದಿನ ಹಾಲ್ಡನ್ ‘ಬರೋ ಶುಕ್ರವಾರ ದುಡ್ಡು ಬರುತ್ತೆ ಅಂತ ಅವರಿಗೆ ಹೇಳು’ ಅಂದ. ಹೇಳ್ದೆ. ಹದಿಮೂರು ಜನ ನನ್ನ ಮುಖ ನೋಡಿ, ನಂಬಿ ಮನೆಗೆ ಹೋದ್ರು.”

ಉದ್ದೇಶ ಎಂಬ ಕಾಲಮಿನೆದುರು ಅಪೋರೋಸ ಬರೆದರು: ಕೊಟ್ಟ ಮಾತು ಉಳಿಸಿಕೊಳ್ಳಲು. ಮಾತು ಕೊಡಿಸಿದವರು, ದೂರುದಾರರು.