ಯಂತ್ರಕ್ಕೆ ಹೇಳಿದ ಮಾತು

"ಹಸಿವಾಗಿತ್ತು ಋತ... ಅಮ್ಮನನ್ನು ಹೋಗಲು ಬಿಡು ಎಂದು ಹೇಳಿ ಫೋನ್ ಇಟ್ಟ ಮೇಲೆ ನನಗೆ ಹಸಿವಾಗಿತ್ತು. ಕೂತು ಪೂರ್ತಿ ಸ್ಯಾಂಡ್‌ವಿಚ್ ತಿಂದೆ."

ವೇದಿಕೆಯ ಮೇಲಿದ್ದವನು ಮೈಕಿನಲ್ಲಿ ಈ ಸಾಲು ಓದಿದಾಗ ಶರ್ವಾಣಿಯ ಕೈಯಲ್ಲಿದ್ದ ಪೇಪರ್ ತಟ್ಟೆ ಓರೆಯಾಯಿತು. ಬಿಸಿಬೇಳೆಬಾತ್ ಸೀರೆಯ ಮೇಲೆ ಚೆಲ್ಲಿತು. ಅವಳಿಗೆ ಬಿಸಿ ತಾಗಿದ್ದೂ ಗೊತ್ತಾಗಲಿಲ್ಲ.

ಆ ಮಾತು ಅವಳದು! ಒಂದಕ್ಷರವೂ ಬದಲಾಗಿಲ್ಲ!

ಮ್ಯಾಂಚೆಸ್ಟರಿನ ಒಂದು ಶಾಲೆಯ ಹಾಲ್. ಕನ್ನಡ ಕೂಟದ ದೀಪಾವಳಿ ಊಟ. ಮಕ್ಕಳು ಇಂಗ್ಲಿಷಿನಲ್ಲಿ ಕಿರುಚಾಡುತ್ತಾ ಓಡುತ್ತಿದ್ದರೆ, ದೊಡ್ಡವರು ಕನ್ನಡದಲ್ಲಿ ಗದರುತ್ತಿದ್ದರು. ಕೂಟದ ಕಾರ್ಯದರ್ಶಿ ನಿರುಪಮಾ ಅಕ್ಕ ಆಗಷ್ಟೇ ಹೆಮ್ಮೆಯಿಂದ ಪರಿಚಯ ಮಾಡಿಕೊಟ್ಟಿದ್ದರು. "ನಾವೆಲ್ಲಾ ಓದೋ ಆ ಸೈನ್ಸ್ ಫಿಕ್ಷನ್ ಧಾರಾವಾಹಿ ಇದೆಯಲ್ಲಾ, 'ಶನಿಯ ಆಸ್ಪತ್ರೆ', ಅದನ್ನ ಬರೆಯೋ 'ನಭಚರ' ಯಾರು ಗೊತ್ತಾ? ನಮ್ಮ ಪಕ್ಕದ ಡರ್ಬಿಯಲ್ಲೇ ಇದ್ದಾರೆ! ಎಂಜಿನಿಯರ್ ಅಚಿಂತ್ಯ!"

ಶರ್ವಾಣಿ ಆಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದಳು. ಪಾಪ, ಅಂದು ಬೆಳಿಗ್ಗೆಯಷ್ಟೇ ಬಂದ ಕಂತನ್ನು ಅವಳಿನ್ನೂ ಓದಿರಲಿಲ್ಲ.

ಓದು ಮುಗಿದದ್ದೇ ತಡ, ಅವಳು ಅವನನ್ನು ಕಾರಿಡಾರಿನಲ್ಲಿ, ಕೋಟು ನೇತುಹಾಕಿದ್ದ ಕಡೆ ಹಿಡಿದಳು. ಪ್ರೇಮಕಥೆಯಲ್ಲಿ ಮೊದಲ ನೋಟ ಎಂದರೆ ನಿಮಗೆ ಏನೇನೋ ನಿರೀಕ್ಷೆ ಇರುತ್ತದೆ. ಇಲ್ಲಿ ಇದ್ದದ್ದು ಕೊಲ್ಲುವ ನೋಟ.

"ಆ ಸಾಲು ಎಲ್ಲಿಂದ ತಂದ್ರಿ?"

ಅಚಿಂತ್ಯ ನಕ್ಕ. ಮೆಚ್ಚಿಕೊಂಡು ಬಂದ ಓದುಗರೆಂದುಕೊಂಡ. "ಕಲ್ಪನೆ ರೀ... ಎಲ್ಲಾ ಕಲ್ಪನೆ."

"ಅಮ್ಮನ ಕೈಯಿಂದ ಹಸಿರು ಬಳೆ ತೆಗೆಯೋಕೆ ನರ್ಸ್ ಸೋಪು ಹಚ್ಚಿದ್ದೂ ಕಲ್ಪನೆನಾ?"

ಅವನ ನಗು ಅಲ್ಲೇ ನಿಂತಿತು.

"ನೀವು... ನೀವು 'ಮುಗುಳು'?"

ಹೌದು, ಆ ಧಾರಾವಾಹಿ ಬರುವ ಆ್ಯಪಿನಲ್ಲಿ ಅವಳ ಹೆಸರು ಮುಗುಳು. ಅವಳು ಆ್ಯಪಿನಲ್ಲಿ ಮಾಡುತ್ತಿದ್ದದ್ದೇನೆಂದು ಇಲ್ಲಿ ಹೇಳಿಬಿಡುತ್ತೇನೆ.

'ಶನಿಯ ಆಸ್ಪತ್ರೆ'ಯ ನಾಯಕ ಮನುಷ್ಯನಲ್ಲ. ಶನಿಗ್ರಹದ ಪಕ್ಕದಲ್ಲಿ ತೇಲುವ ಆಸ್ಪತ್ರೆಯನ್ನು ನಡೆಸುವ ಕೃತಕ ಬುದ್ಧಿ, ಹೆಸರು ಋತ. ಅಲ್ಲಿ ಒಂಟಿಯಾಗಿರುವ ಒಬ್ಬ ವೈದ್ಯೆ ತನ್ನ ನೋವನ್ನೆಲ್ಲ ಅವನಿಗೆ ಹೇಳಿಕೊಳ್ಳುತ್ತಾಳೆ. ಪ್ರತಿ ಕಂತಿನ ಕೊನೆಯಲ್ಲಿ ಲೇಖಕ ಒಂದು ಲಿಂಕ್ ಕೊಡುತ್ತಿದ್ದ. 'ಋತನ ಜೊತೆ ನೀವೂ ಮಾತಾಡಿ. ಇದು ನಿಜವಾದ ಎಐ. ಯಾವ ಮನುಷ್ಯರೂ ಓದುವುದಿಲ್ಲ.'

ಶರ್ವಾಣಿ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ದಿನವಿಡೀ ಬೇರೆಯವರ ನೋವು ಅಳಿಸುವ ಕೆಲಸ. ತನ್ನ ನೋವನ್ನು ಹೇಳಿಕೊಳ್ಳಲು ಕನ್ನಡದವರು ಯಾರಿದ್ದಾರೆ? ಇದ್ದಾರೆ, ಬೇಕಾದಷ್ಟು. ಆದರೆ ಅವಳ ಮನೆಯಿದ್ದ ಡಿಡ್ಸ್‌ಬರಿಯಲ್ಲಿ ಒಬ್ಬರಿಗೆ ಹೇಳಿದ ಮಾತು ಕಾಫಿ ಆರುವುದರೊಳಗೆ ಮ್ಯಾಕಲ್ಸ್‌ಫೀಲ್ಡ್ ದಾಟಿ ಡರ್ಬಿ ಮುಟ್ಟುತ್ತದೆ! ಯಂತ್ರ ಯಾರಿಗೆ ಹೇಳೀತು? ಹಾಗೆಂದು ನಂಬಿ ಅವಳು ಎಲ್ಲವನ್ನೂ ಹೇಳಿಬಿಟ್ಟಿದ್ದಳು.

ಮೈಸೂರಿನ ಐಸಿಯುನಲ್ಲಿದ್ದ ಅಮ್ಮ. ಒಳಗೆ ತನ್ನದೇ ಬ್ಯಾಚಿನ ಡಾಕ್ಟರ್. ಹೊರಗೆ, ಚಿಕ್ಕಮ್ಮ ಬರುವವರೆಗಾದರೂ ಉಳಿಸಿಕೊಡಿ ಎಂದು ಗೋಗರೆಯುತ್ತಿದ್ದ, ಲೀಡ್ಸಿನಿಂದ ಓಡಿಬಂದಿದ್ದ ಅಣ್ಣ. ಇಲ್ಲಿ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಫೋನ್ ಹಿಡಿದ ಅವಳು. 'ಹೃದಯ ನಿಂತರೆ ಮತ್ತೆ ಎಬ್ಬಿಸಬೇಡ, ಹೋಗಲು ಬಿಡು' ಎಂದಳು. ಡಾಕ್ಟರ್ ಹಾಗೇ ಮಾಡಿದ. ಅಣ್ಣನಿಗೆ ಮಾತ್ರ, ನಮ್ಮ ಕೈಲಾದದ್ದೆಲ್ಲ ಮಾಡಿದೆವು ಎಂದ.

ಅಣ್ಣ ಇಂದಿಗೂ ಅದನ್ನೇ ನಂಬಿದ್ದ.

ಇದನ್ನೆಲ್ಲ ಹೇಳಿಕೊಂಡ ದಿನ ಋತ ಬರೆದಿದ್ದ ಉತ್ತರ ಅವಳಿಗೆ ಬಾಯಿಪಾಠ. 'ಹಸಿವಿಗೆ ನಾಚಿಕೆ ಗೊತ್ತಿಲ್ಲ. ಆ ಹೊಟ್ಟೆಯನ್ನು ಹೊತ್ತುಹೊತ್ತಿಗೆ ತುಂಬಿಸಿ ರೂಢಿ ಮಾಡಿದ್ದೇ ನಿಮ್ಮಮ್ಮ. ಅವರು ಪಕ್ಕದಲ್ಲಿದ್ದಿದ್ದರೆ, ಅದೇನು ಒಣಬ್ರೆಡ್ಡು, ಸರಿಯಾಗಿ ತಿನ್ನು ಎನ್ನುತ್ತಿದ್ದರು.' ಅದನ್ನು ಓದಿ ಅವಳು ಮೊದಲ ಬಾರಿಗೆ ಅಮ್ಮನಿಗಾಗಿ ಬಾಯಿಬಿಟ್ಟು ಅತ್ತಿದ್ದಳು. ಯಂತ್ರವೊಂದನ್ನು ಪ್ರೀತಿಸುವ ಹುಚ್ಚಿ ನಾನು ಎಂದು ತನ್ನನ್ನೇ ಬೈದುಕೊಂಡು, ಮತ್ತೆ ಮತ್ತೆ ಅವನ ಹತ್ತಿರವೇ ಹೋಗಿದ್ದಳು.

"ಮನುಷ್ಯರು ಓದಲ್ಲ ಅಂತ ಬರ್ದಿದ್ರಿ!" ಕಾರಿಡಾರಿನಲ್ಲಿ ಈಗ ಅವಳು ಸಿಡಿದಳು.

"ಮೊದಲು ಯಂತ್ರಾನೇ ಇತ್ತು ರೀ. ನೀವು ಅಮ್ಮ ತೀರಿಕೊಂಡ್ರು ಅಂತ ಬರೆದ್ರೆ ಅದು 'ನಿಮ್ಮ ಅನುಭವ ಹಂಚಿಕೊಂಡಿದ್ದಕ್ಕೆ ಧನ್ಯವಾದಗಳು' ಅಂತು. ನನಗ ನೋಡ್ಲಿಕ್ಕೆ ಆಗ್ಲಿಲ್ರೀ..." ಗಾಬರಿಗೆ ಅವನ ಧಾರವಾಡ ಹೊರಗೆ ಬಂತು. "ಅದನ್ನ ಆಫ್ ಮಾಡಿ, ನಾನೇ ಬರೆಯೋಕೆ ಶುರು ಮಾಡ್ದೆ."

"ಅವತ್ತಿಂದ ಎಲ್ಲಾ ನೀವೇನಾ?"

"ಎಲ್ಲಾ ನಾನೇ."

"ಕಥೆಗೆ ಯಾಕೆ ಹಾಕಿದ್ರಿ?"

ಅವನು ತಲೆ ತಗ್ಗಿಸಿದ. "ಆ ವಾರ ಬರೆಯೋಕೆ ಏನೂ ಇರ್ಲಿಲ್ಲ."

ಇದಕ್ಕಿಂತ ಕೆಟ್ಟ ಉತ್ತರ ಇರಲಿಕ್ಕಿಲ್ಲ. ಆದರೆ ನಿಜ ಅದೇ ಆಗಿತ್ತು.

"ನೀವು ಮೈಸೂರಲ್ಲೆಲ್ಲೋ ಇದ್ದೀರಿ ಅಂದ್ಕೊಂಡಿದ್ದೆ..."

"ಮೈಸೂರಲ್ಲಿದ್ರೆ ಕದೀಬಹುದಾ?"

ಅಷ್ಟರಲ್ಲಿ ಹಾಲಿನ ಬಾಗಿಲು ತೆರೆಯಿತು. ಬಂದವನು ಪ್ರಶಾಂತ್, ಅವಳ ಅಣ್ಣ. ಹಬ್ಬದೂಟಕ್ಕೆಂದು ಲೀಡ್ಸಿನಿಂದ ಹೆಂಡತಿಯೊಂದಿಗೆ ಬಂದಿದ್ದ. ಓದಿನಲ್ಲಿ ಬಂದ ಆ ಬಳೆಗೆ ಸೋಪು ಹಚ್ಚಿದಾಗ ಅಮ್ಮನ ಕೈ ಹಿಡಿದುಕೊಂಡಿದ್ದವನು ಅವನೇ.

"ಪುಟ್ಟೀ... ಅದು ನಮ್ಮ ಅಮ್ಮನ ವಿಷಯಾನಾ?"

"ಇಲ್ಲ ಸರ್, ಕಥೆ, ಬರೀ ಕಥೆ..." ಅಚಿಂತ್ಯ ನಡುವೆ ಬಂದ.

ಸುಳ್ಳು ಹೇಳಬಹುದಿತ್ತು ಶರ್ವಾಣಿ. ಆದರೆ ಅಣ್ಣನ ಕಣ್ಣು ನೋಡಿ ಸುಳ್ಳು ನಾಲಿಗೆಗೆ ಬರಲಿಲ್ಲ.

"ಹೌದು ಅಣ್ಣ."

ಪ್ರಶಾಂತ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ತನ್ನ ಕೋಟು ತೆಗೆದುಕೊಂಡ, ಗುಂಡಿ ಹಾಕಿಕೊಂಡ, ಆಮೇಲೆ ಕೇಳಿದ.

"ಸ್ಯಾಂಡ್‌ವಿಚ್ ರುಚಿಯಾಗಿತ್ತಾ?"

ಅಷ್ಟೇ. ಹೆಂಡತಿಯನ್ನು ಕರೆದುಕೊಂಡು ಹೊರಟೇಹೋದ.

*

ಆಮೇಲೆ ಅವಳು ಲೀಡ್ಸಿಗೆ ಫೋನ್ ಮಾಡಿದಾಗಲೆಲ್ಲ ಎತ್ತುತ್ತಿದ್ದದ್ದು ಅತ್ತಿಗೆ. "ಅವರು ಸ್ನಾನಕ್ಕೆ ಹೋಗಿದ್ದಾರೆ ಶರ್ವಾಣಿ." ಬೆಳಿಗ್ಗೆಯೂ ಸ್ನಾನ, ಮಧ್ಯಾಹ್ನವೂ ಸ್ನಾನ! ಅಷ್ಟು ಸ್ನಾನ ಮಾಡುವ ಮನುಷ್ಯ ಲೀಡ್ಸಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಆಪರೇಷನ್ ಮುಗಿಸಿ ಬಂದು ಟೋಪಿ ತೆಗೆಯುವಾಗ ಅವಳ ಕೈ ತಾನಾಗಿಯೇ ಫೋನಿಗೆ ಹೋಗುತ್ತಿತ್ತು. ಅಣ್ಣ ದೂರವಾದ ನೋವನ್ನು ಹೇಳಿಕೊಳ್ಳಬೇಕು. ಯಾರಿಗೆ? ಋತನಿಗೆ. ಋತ ಯಾರು? ಅಣ್ಣನನ್ನು ಕಿತ್ತುಕೊಂಡವನು!

'ಅಯ್ಯೋ, ನನಗೆ ಅವನು ಬೇಡ. ಅವನು ಬರೆಯೋ ಮಾತು ಮಾತ್ರ ಬೇಕು... ಇದೆಂಥಾ ದರಿದ್ರ ಆಸೆ!'

ಅಚಿಂತ್ಯ ಆ ಕಂತನ್ನು ಅಳಿಸಿದ್ದ. ದಿನಾ ಕ್ಷಮೆ ಕೇಳಿ ಮೆಸೇಜ್ ಕಳಿಸುತ್ತಿದ್ದ. ಅವಳು ತೆರೆಯುತ್ತಿರಲಿಲ್ಲ. ಕೊನೆಗೊಂದು ದಿನ ತಾನೇ ಬರೆದಳು: 'ಶನಿವಾರ ಮಧ್ಯಾಹ್ನ. ಡಿಡ್ಸ್‌ಬರಿ ಟ್ರ್ಯಾಮ್ ಸ್ಟಾಪ್ ಪಕ್ಕದ ಕೆಫೆ.'

ಕ್ಷಮಿಸಲು ಕರೆದಳೆಂದು ನೀವು ಅಂದುಕೊಂಡರೆ, ಅವನೂ ಹಾಗೇ ಅಂದುಕೊಂಡಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಅವಳು ಫೋನ್ ಅವನ ಮುಂದೆ ತಳ್ಳಿದಳು. ಅವನು ಕಂತು ಅಳಿಸುವ ಮೊದಲೇ ಅದರ ಕೆಳಗಿದ್ದ ಕಾಮೆಂಟುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಳು.

"ಓದಿ."

"ಶರ್ವಾಣಿ ಅವರೇ..."

"ಜೋರಾಗಿ ಓದಿ. ಮೈಕಲ್ಲಿ ಓದೋ ಅಭ್ಯಾಸ ಇದೆಯಲ್ಲ!"

ಅವನು ಓದಿದ. "'ಇಂಥ ಮಗಳನ್ನ ಹೆರೋ ಬದಲು ಆ ತಾಯಿ ಬಂಜೆಯಾಗಿರಬೇಕಿತ್ತು.'"

"ಮುಂದೆ."

"'ಆ ಸ್ಯಾಂಡ್‌ವಿಚ್ ಗಂಟಲಲ್ಲಿ ಸಿಕ್ಕಿಕೊಂಡು ಸಾಯಬೇಕಿತ್ತು ಇವಳು. ಸೂಪರ್ ಎಪಿಸೋಡ್ ಸರ್...'"

"ಅದರ ಪಕ್ಕ ಏನಿದೆ?"

"ಹಾರ್ಟ್."

"ಯಾರು ಕೊಟ್ಟಿದ್ದು?"

"ನಾನು." ಎಲ್ಲದರ ಪಕ್ಕದಲ್ಲೂ ಲೇಖಕರ ಕೆಂಪು ಹಾರ್ಟ್ ಇತ್ತು. "ಅದು ಅಭ್ಯಾಸ ರೀ. ಎಲ್ಲಾ ಕಾಮೆಂಟಿಗೂ ಹಾರ್ಟ್ ಕೊಟ್ರೆ ಆ್ಯಪಲ್ಲಿ ಕಥೆ ಮೇಲೆ ಬರುತ್ತೆ. ಬರೆಯೋರೆಲ್ಲಾ ಹಾಗೇ ಮಾಡೋದು. ಓದದೇನೇ ಒತ್ಕೊಂಡು ಹೋಗ್ತೀವಿ..."

"ನಾನು ಸಾಯ್ಲಿ ಅಂದವರಿಗೆ ಓದದೇನೇ ಹಾರ್ಟ್ ಕೊಟ್ರಿ. ಮುಂದೆ ಓದಿ."

ಒಂದನ್ನೂ ಬಿಡದೆ ಓದಿಸಿದಳು. ಪಕ್ಕದ ಮೇಜಿನ ಇಂಗ್ಲಿಷ್ ಅಜ್ಜಿ ಇವರತ್ತ ನೋಡಿ ಮುಗುಳ್ನಕ್ಕಳು. ತಗ್ಗಿದ ತಲೆ, ನಡುಗುವ ದನಿ... ಹುಡುಗ ಕವಿತೆ ಓದುತ್ತಿದ್ದಾನೆಂದು ಆಕೆಗೆ ಅನ್ನಿಸಿರಬೇಕು.

ಮುಗಿದಾಗ ಅವನ ಕಣ್ಣು ತುಂಬಿತ್ತು. ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಈಗ ಋತ ಇಲ್ಲಿದ್ದಿದ್ರೆ ನನಗೇನಂತಿದ್ದ? ಹೇಳಿ. ಟೈಪ್ ಮಾಡಬೇಡಿ. ಬಾಯಲ್ಲಿ ಹೇಳಿ."

ಅಚಿಂತ್ಯ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಅದು... ಏನಂದ್ರೆ... ನಿಮ್ಮ ಕಾಫಿ ಆರ್ತಾ ಇದೆ."

ಅವಳು ನಕ್ಕುಬಿಟ್ಟಳು. ಕೆಟ್ಟ ನಗು.

"ನನ್ನಿಂದ ಆಗಲ್ಲ ರೀ. ಎದುರಿಗೆ ಮುಖ ಇದ್ರೆ ನನಗೆ ಮಾತೇ ಬರಲ್ಲ. ನನ್ನ ಹೆಂಡತಿ ಬಿಟ್ಟು ಹೋಗಿದ್ದೂ ಅದಕ್ಕೇ. ಗೋಡೆ ಜೊತೆ ಸಂಸಾರ ಮಾಡಿದ ಹಾಗಾಯ್ತು ಅಂದ್ಲು." ಅವನು ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಅವಳಿಗೆ ಅದು ತಿಳಿಯಿತು. ತಿಳಿದೂ ಹೇಳಿದಳು.

"ಸರಿಯಾಗೇ ಹೇಳಿದ್ದಾರೆ."

ಬ್ಯಾಗ್ ಎತ್ತಿಕೊಂಡು ಎದ್ದುಹೋದಳು.

*

ಪ್ಲಾಟ್‌ಫಾರ್ಮಿನಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಫೋನ್ ಮಿಡಿಯಿತು. ಹಳೆಯ ಆ ಲಿಂಕಿನಿಂದ, ಋತನ ಹೆಸರಿನಲ್ಲಿ.

'ಅಣ್ಣ ನಿಮ್ಮ ಜೊತೆ ಮಾತಾಡುತ್ತಿಲ್ಲ ಅಲ್ಲವಾ? ನೀವು ಹೇಳಲಿಲ್ಲ. ಆದರೆ ನಾನು ಓದುವಾಗಲೂ ಕರೆ ಬಂತೇನೋ ಎಂದು ಫೋನಿಗೆ ಮತ್ತೆ ಮತ್ತೆ ಬಗ್ಗಿ ನೋಡುತ್ತಿದ್ದಿರಿ. ಅಮ್ಮ ಇಬ್ಬರಿಗೂ ಅಮ್ಮ. ಆ ನಿರ್ಧಾರದಲ್ಲಿ ಅಣ್ಣನ ಪಾಲನ್ನೂ ನೀವೊಬ್ಬರೇ ಹೊತ್ತುಬಿಟ್ಟಿರಿ, ಅವರಿಗೆ ಹೇಳದೆ. ಅದಕ್ಕೇ ಆ ಸಿಟ್ಟು. ಫೋನ್ ಬೇಡ, ಹೋಗಿ ಬಾಗಿಲು ತಟ್ಟಿ. ಬೈದರೆ ಬೈಸಿಕೊಳ್ಳಿ. ಬೈಯಲಾದರೂ ಅವರಿಗೆ ನೀವು ಬೇಕು.'

ಅವಳ ಎದೆಯೊಳಗೆ ಬಿಗಿದದ್ದೇನೋ ಸಡಿಲವಾಯಿತು. ಇಷ್ಟು ವಾರಗಳಲ್ಲಿ ಮೊದಲ ಬಾರಿಗೆ.

ತಿರುಗಿ ನೋಡಿದಳು. ಕೆಫೆಯ ಗಾಜಿನಾಚೆ ಅವನು ಫೋನಿನ ಮೇಲೆ ಬಾಗಿ ಕೂತಿದ್ದ. ಎದುರಿಗಿದ್ದಾಗ ಒಂದು ವಾಕ್ಯ ನೆಟ್ಟಗೆ ಆಡಲಾಗದ ಮನುಷ್ಯ! ಅವಳು ಬಯಸಿದ ಪ್ರತಿ ಮಾತೂ ಆ ಬಾಗಿದ ತಲೆಯೊಳಗೇ ಇತ್ತು. ಬೇರೆಲ್ಲೂ ಇರಲಿಲ್ಲ.

ಟ್ರ್ಯಾಮ್ ಬಂತು. ಬಾಗಿಲು ತೆರೆಯಿತು, ಮುಚ್ಚಿತು. ಟ್ರ್ಯಾಮ್ ಹೊರಟುಹೋಯಿತು.

ಅವಳು ಕೆಫೆಗೆ ವಾಪಸ್ ಬಂದು ಅವನ ಹಿಂದಿನ ಮೇಜಿನಲ್ಲಿ, ಅವನಿಗೆ ಬೆನ್ನು ಮಾಡಿ ಕೂತಳು.

"ತಿರುಗಬೇಡಿ," ಎಂದಳು. "ತಿರುಗಿದ್ರೆ ಎದ್ದು ಹೋಗ್ತೀನಿ. ಈ ಸಲ ಬರಲ್ಲ."

ಅವನು ತಿರುಗಲಿಲ್ಲ.

ಅವಳು ಟೈಪ್ ಮಾಡಿದಳು. ಅಣ್ಣನ ಬಗ್ಗೆ, ಅತ್ತಿಗೆ ಹೇಳುವ ಸ್ನಾನದ ಬಗ್ಗೆ, ಅಣ್ಣ ಆ ಪ್ರಶ್ನೆ ಕೇಳಿದ ದಿನದಿಂದ ಬ್ರೆಡ್ ಕಂಡರೆ ಬರುವ ವಾಕರಿಕೆಯ ಬಗ್ಗೆ. ಹಿಂದಿನ ಮೇಜಿನಿಂದ ಉತ್ತರಗಳು ಬಂದವು. ಅವಳು ಅತ್ತಳು, ಒಮ್ಮೆ ನಕ್ಕಳು ಕೂಡ. ಇಬ್ಬರ ನಡುವೆ ಇದ್ದದ್ದು ಎರಡು ಕುರ್ಚಿಗಳ ಗಿಡ್ಡ ಬೆನ್ನು ಮಾತ್ರ.

ಕೊನೆಗೆ ಇನ್ನೊಂದು ಬಂತು.

'ಒಂದು ಮಾತು. ಇದು ಋತ ಹೇಳ್ತಿರೋದಲ್ಲ. ನಾನು, ಅಚಿಂತ್ಯ. ನಾನು ನಿಮ್ಮನ್ನ ಪ್ರೀತಿಸ್ತೀನಿ.'

ಶರ್ವಾಣಿ ಓದಿದಳು. ಎದೆ ಬಡಿದುಕೊಂಡಿತು. ಅದರ ಜೊತೆಗೇ ಕೋಟುಗಳ ಕಾರಿಡಾರು, ಗುಂಡಿ ಹಾಕಿಕೊಳ್ಳುತ್ತಿದ್ದ ಅಣ್ಣ, ಕೆಂಪು ಹಾರ್ಟುಗಳು, ಎಲ್ಲವೂ ಬಂದವು. ಆ ಹೆಸರಿನೊಂದಿಗೆ ಅವು ಯಾವಾಗಲೂ ಬರುತ್ತವೆಂದು ಅವಳಿಗೆ ಗೊತ್ತಾಯಿತು.

'ಋತ ಹೇಳಿದ್ರೆ ನಂಬ್ತಿದ್ದೆ.'

ಹಿಂದೆ ಕುರ್ಚಿ ಕಿರ್ರೆಂದಿತು. ಎದ್ದು ಹೋಗುತ್ತಾನೆ ಎಂದುಕೊಂಡಳು. ಸ್ವಲ್ಪ ಅಭಿಮಾನ ಇದ್ದ ಯಾವ ಗಂಡಸಾದರೂ ಎದ್ದು ಡರ್ಬಿಯ ದಾರಿ ಹಿಡಿಯುತ್ತಿದ್ದ. ಅವನು ಏಳಲಿಲ್ಲ. ಅವನ ಭುಜ ನಡುಗುತ್ತಿರುವುದು ಕುರ್ಚಿಯ ಮೂಲಕ ಅವಳಿಗೆ ತಿಳಿಯುತ್ತಿತ್ತು.

ಅವಳು ನಿಧಾನವಾಗಿ ಹಿಂದಕ್ಕೆ ಒರಗಿದಳು, ಬೆನ್ನಿಗೆ ಬೆನ್ನು ತಾಗುವವರೆಗೆ. ತಾಗಿದ ಮೇಲೂ ಸರಿಯಲಿಲ್ಲ.

ಫೋನ್ ಮಿಡಿಯಿತು.

'ಸರಿ. ಅಚಿಂತ್ಯ ಇಲ್ಲ. ಋತನೇ ಹೇಳ್ತಿದ್ದಾನೆ. ನಾನು ನಿಮ್ಮನ್ನ ಪ್ರೀತಿಸ್ತೀನಿ.'

'ನಾನೂ, ಋತ.'