ಸಿಪ್ಪೆ ಸುಲಿಯದ ಮೆಣಸಿನಕಾಯಿ

ಮಾನ್ಯ ವಾಚಕ ಮಹಾಶಯರೇ, ಒಂದೇ ಗಿಡವನ್ನು ರಾಜ್ಯವು ಬೆಳೆಯಗೊಟ್ಟು ಕೇಂದ್ರವು ನಿಷೇಧಿಸಿದ ನಾಡೊಂದರಲ್ಲಿ ನಡೆದ ಈ ಪ್ರಕರಣವನ್ನು ತಮ್ಮಲ್ಲಿ ನಿವೇದಿಸಲು ಅಪ್ಪಣೆಯಾಗಬೇಕು.

ಸೆಪ್ಟೆಂಬರ್ ಹನ್ನೊಂದರ ಬೆಳಿಗ್ಗೆ ನ್ಯೂ ಮೆಕ್ಸಿಕೋ ರಾಜ್ಯದ ಕಣಿವೆಯೊಂದರ ಪೊಲೀಸ್ ಠಾಣೆಗೆ ಮುದುಕಿ ಯೂಲಾಲಿಯಾ ಆರ್ಚುಲೆಟಾ ಬಂದು, ಹಿತ್ತಲಿನ ಆರು ಗಾಂಜಾ ಗಿಡಗಳು ಕಳುವಾಗಿವೆಯೆಂದು ದೂರಿತ್ತಳು. ಗಂಟುಗಟ್ಟಿದ ಬೆರಳುಗಳಲ್ಲಿ ಲೇಖನಿ ನಿಲ್ಲಲಿಲ್ಲ.

“ಆರು ಗಿಡಕ್ಕೆ ಕಾನೂನಿನ ಒಪ್ಪಿಗೆ ಇದೆಯಪ್ಪಾ. ಆ ಎಲೆ ಕಾಸಿದ ಎಣ್ಣೆ ಹಚ್ಚದಿದ್ರೆ ಈ ಬೆರಳು ಮಡಚೋಕೂ ಬಿಚ್ಚೋಕೂ ಆಗಲ್ಲ.”

ಇನ್ಸ್‌ಪೆಕ್ಟರ್ ಕಿಂತಾನಾ ಎಫ್‌ಐಆರ್ ದಾಖಲಿಸಿ ಸ್ಥಳಕ್ಕೆ ಹೋದ. ಗಿಡಗಳನ್ನು ಬೇರುಸಹಿತ ಕಿತ್ತ ಗುಂಡಿಗಳನ್ನು ಅಳೆಯುತ್ತಿದ್ದ ಕಾನ್‌ಸ್ಟೆಬಲ್ ಬೆನವೀದೆಸ್ ನಕ್ಕ.

“ಹೋಗ್ತಾ ಗೇಟಿಗೆ ಹಗ್ಗ ಬಿಗಿದಿದ್ದಾನೆ ಸಾರ್, ಮೇಕೆ ಒಳಗೆ ಬರದಂತೆ. ಇಷ್ಟು ಮರ್ಯಾದಸ್ಥ ಕಳ್ಳ ನಮ್ಮೂರಲ್ಲಿ ಯಾರು?”

ಎಳೆದೊಯ್ದ ಗುರುತು ಕಾಲುವೆಯಂಚಿನಲ್ಲಿ ಸಾಗಿ ಮುದುಕಿಯ ಮಗ ಡೆಲ್ಫಿನೋನ ಅಂಗಳ ಸೇರಿತ್ತು. ಅಲ್ಲಿನ ಮಣ್ಣಿನ ಒಲೆ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲೇ ನಿಂತಿದ್ದ ಡೆಲ್ಫಿನೋನನ್ನು ಕಿಂತಾನಾ ವಿಚಾರಿಸಿದ.

“ಏನು ಸುಟ್ಟೆ?”

“ಹಸಿಮೆಣಸಿನಕಾಯಿ ಹುರಿದೆ. ಈ ತಿಂಗಳು ಯಾರು ಹುರಿಯಲ್ಲ ಹೇಳಿ?”

“ಎಷ್ಟು?”

“ಒಂದು ಮೂಟೆ.”

“ಸುಲಿದದ್ದು ಎಲ್ಲಿ?”

“ಫ್ರೀಜರಿನಲ್ಲಿ.”

“ತೋರಿಸು.”

ಫ್ರೀಜರಿನಲ್ಲಿ ಮಂಜುಗಡ್ಡೆಯ ಹೊರತು ಏನೂ ಇರಲಿಲ್ಲ. ಮೂಟೆಯಷ್ಟೂ ಕಾಯಿ ಸಿಪ್ಪೆಸಮೇತ ಇದ್ದಿಲಾಗಿ ಒಲೆಯೊಳಗೇ ಬಿದ್ದಿತ್ತು. ಆ ಕಣಿವೆಯಲ್ಲಿ ಹುರಿದ ಕಾಯಿಯನ್ನು ಒದ್ದೆಬಟ್ಟೆಯಲ್ಲಿ ಮುಚ್ಚಿ, ಸುಲಿದು, ಚಳಿಗಾಲಕ್ಕೆಂದು ಇಟ್ಟುಕೊಳ್ಳದ ಮನೆಯಿಲ್ಲ. ಇದನ್ನು ಸುಟ್ಟದ್ದು ಬೇರೊಂದು ವಾಸನೆಯನ್ನು ಮುಚ್ಚಲು. ಬೂದಿ ಕೆದಕಿದಾಗ ಆರು ಕರಕಲಾದ ಬೇರುಬುಡಗಳು ಸಿಕ್ಕವು. ನೆರೆಯವರ ಸಮಕ್ಷಮ ಪಂಚನಾಮೆ ಬರೆದು ಅವುಗಳನ್ನು ವಶಪಡಿಸಿಕೊಂಡರು.

“ನಿನ್ನಮ್ಮನ ಔಷಧಿ ಕಣೋ ಅದು.”

“ಗೊತ್ತು.” ಡೆಲ್ಫಿನೋ ಮೆಟ್ಟಿಲ ಮೇಲೆ ಕುಸಿದ. “ಬೆಟ್ಟದ ಮೇಲಿನ ಕೇಂದ್ರ ಸರ್ಕಾರದ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ. ರಹಸ್ಯ ಕಡತ ಮುಟ್ಟೋಕೆ ಕೇಂದ್ರದ ಅನುಮತಿ ಬೇಕು. ಗಾಂಜಾ ಸೇದೇ ಇಲ್ಲ ಅಂತ ಬರೆದುಕೊಟ್ಟೆ. ಸೋಮವಾರ ಅವರ ಅಧಿಕಾರಿ ಅಮ್ಮನನ್ನ ವಿಚಾರಿಸೋಕೆ ಬರ್ತಾನೆ. ಗಿಡ ಕಂಡ್ರೆ, ಮಗನೂ ಸೇದ್ತಾನಾ ಅಂತ ಕೇಳಲ್ವಾ? ಅಮ್ಮನಿಗೆ ಸುಳ್ಳು ಬರಲ್ಲ.”

“ಸೇದಿದ್ಯಾ?”

“ಅಪ್ಪ ಸತ್ತ ವಾರ. ಆಮೇಲೆ ಮುಟ್ಟಿಲ್ಲ.”

ಕಿಂತಾನಾ ಬೇಡಿ ಹೊರತೆಗೆದು ಅವನ ಕೈಗೆ ತೊಡಿಸಿದ.

“ಸೈನ್ಯದಲ್ಲಿ ನನ್ನನ್ನೂ ಕೇಳಿದ್ರು. ಹಿಂದೆ ಸೇದಿದ್ದೆ, ಬಿಟ್ಟೆ ಅಂದೆ. ಬೈದು, ಅನುಮತಿ ಕೊಟ್ರು. ಹೊಗೆಗಿಂತ ಸುಳ್ಳು ಕಂಡ್ರೆ ಉರೀತಾರೆ ಅವರು.”

ಅಷ್ಟರಲ್ಲಿ ಯೂಲಾಲಿಯಾ ಕಾಲುವೆ ದಾಟಿ ಏದುಸಿರು ಬಿಡುತ್ತಾ ಬಂದಳು.

“ಬಿಡಪ್ಪಾ ಅವನನ್ನ. ದೂರು ವಾಪಸ್ ತಗೋತೀನಿ.”

“ಅದನ್ನ ಸರ್ಕಾರಿ ವಕೀಲರು ನೋಡ್ತಾರಮ್ಮ. ಬಂಧನವಂತೂ ದಾಖಲಾಯ್ತು. ಸೋಮವಾರ ಬರೋವನು ಮೊದಲು ಇದನ್ನೇ ಕೇಳೋದು.”

ಮುದುಕಿ ಮಗನ ಅಂಗಿಯ ಮೇಲಿನ ಬೂದಿ ಒರೆಸಲು ಹೋದಳು, ಬೆರಳು ಬಿಚ್ಚಲಿಲ್ಲ.

“ಕೇಳಿದ್ದಿದ್ರೆ ನಾನೇ ಕಿತ್ತು ಕೊಡ್ತಿದ್ದೆನಲ್ಲೋ,” ಎಂದಳು.

ಜೀಪು ಹೊರಟಿತು. ಹೇಳಬೇಕಾದದ್ದು ಇಷ್ಟೇ; ಕತೆಯ ಚೀಲದ ಬಾಯಿ ಬಿಗಿದು, ಊರೂರು ಸುತ್ತುವ ಕತೆಗಾರನಾದ ನಾನೂ ಉತ್ತರದ ಬಸ್ಸು ಹತ್ತಿದೆ.